ರಟ್ಟೆಗೆ ಕಟ್ಟಿದ್ದು

ಕಾಲುವೆಯ ಮೆಟ್ಟಿಲ ಮೇಲೆ ಒದ್ದೆ ಮೈಯಲ್ಲಿ ನಿಂತ ತೋಟಪ್ಪ, ಈಚೆಗೆ ಅಂಟಿಕೊಂಡಿದ್ದ ಚಾಳಿಯಂತೆ, ತನ್ನ ಎಡರಟ್ಟೆಯನ್ನು ಬಲಗೈಯಿಂದ ಹಿಡಿದು ನೋಡಿಕೊಂಡ. ದಪ್ಪವಾಗಿದೆಯೇ ಇಲ್ಲವೇ ಎಂದು ದಿನಕ್ಕೆ ಎಷ್ಟು ಸಲ ಹೀಗೆ ನೋಡಿಕೊಳ್ಳುತ್ತಿದ್ದನೋ ಅವನಿಗೇ ಗೊತ್ತಿಲ್ಲ. ಗಿರಣಿಯ ಗಲ್ಲೆಯ ಮುಂದೆ ಕೂತಾಗ, ಹೆಂಡತಿ ಮಗ್ಗುಲಲ್ಲಿ ಮಲಗಿರುವಾಗ, ಹಿರಿಯರು ಏನೋ ಹೇಳುತ್ತಿರುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಇವತ್ತು ಬೆರಳಿಗೆ ಚರ್ಮ ಸಿಕ್ಕಿತು, ಚರ್ಮದ ಕೆಳಗೆ ಎಲುಬು ಸಿಕ್ಕಿತು. ಎರಡಕ್ಕೂ ಮೇಲೆ ಇರಬೇಕಾಗಿದ್ದ ಬಟ್ಟೆಯ ಗಂಟು ಸಿಗಲಿಲ್ಲ. ಬಲರಟ್ಟೆಗೆ ಕಟ್ಟಿಕೊಂಡಿದ್ದೆನೇನೋ ಎಂದು ಅದನ್ನೂ ಮುಟ್ಟಿದ. ಕೊರಳು ಮುಟ್ಟಿದ. ಲಂಗೋಟಿಯ ಸುತ್ತ ಕೈಯಾಡಿಸಿದ. ಕಾಣೆಯಾದ ಆ ಗಂಟಿನಲ್ಲಿ ಅವನ ಇಷ್ಟಲಿಂಗವಿತ್ತು. ಅವನು ತೊಟ್ಟಿಲಲ್ಲಿದ್ದಾಗ ಅಯ್ಯನವರು ಬಂದು ಕಟ್ಟಿದ್ದು, ಅಂದಿನಿಂದ ಮೈ ಬಿಟ್ಟು ಅಗಲದೆ ಇದ್ದದ್ದು, ಅಂಗೈಯಲ್ಲಿಟ್ಟು ಪೂಜಿಸದೆ ಅವನ ಮನೆಯಲ್ಲಿ ಯಾರೂ ಹನಿ ನೀರು ಬಾಯಿಗೆ ಹಾಕದಂಥದ್ದು. ಹೊಳೆಗಿಳಿದಾಗ ಲಿಂಗ ಕಳೆದುಕೊಂಡವನೊಬ್ಬ ದಡಕ್ಕೆ ವಾಪಸು ಬರಲೇ ಇಲ್ಲ ಎಂಬ ಕತೆಯನ್ನು ಅಜ್ಜಿ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ಆ ಕತೆಯಲ್ಲಿ ಅವನಿಗೆ ಹಿಡಿಸುತ್ತಿದ್ದದ್ದು ಹೊಳೆ ಮಾತ್ರ.

ಹೇಗೆ ಬಿತ್ತು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಗೊತ್ತಿತ್ತು. ಗೊತ್ತಿದ್ದದ್ದೇ ಮೊದಲು ಅವನ ಮುಖ ಬಿಸಿ ಮಾಡಿತು, ಭಯ ಆಮೇಲೆ ಬಂತು. ಜಂಬಯ್ಯ ವಸ್ತಾದರ ಗರಡಿಗೆ ಹೋದ ಮೊದಲ ದಿನವೇ ಅವರು ಅವನ ಎದೆಯ ಮೇಲೆ ಶಿವದಾರದಲ್ಲಿ ತೂಗುತ್ತಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ನೋಡಿ, 'ಕೊಳ್ಳಾಗ ಇದ್ರ ಹಿಡತದಾಗ ಸಿಗತೈತಪ್ಪ, ಬಟ್ಟ್ಯಾಗ ಸುತ್ತಿ ರಟ್ಟಿಗೆ ಕಟ್ಟಿಕೋ, ನಿಮ್ಮವರು ಎಲ್ಲಾರೂ ಇಲ್ಲಿ ಹಂಗ ಮಾಡ್ತಾರ' ಎಂದಿದ್ದರು. ಅಂದಿನಿಂದ ಕರಡಿಗೆ ಅಂಗಿಯ ಕಿಸೆಗೆ, ಲಿಂಗ ರಟ್ಟೆಗೆ. ಬೇರೆಯವರ ರಟ್ಟೆಯ ಮೇಲೆ ಆ ಬಟ್ಟೆ ಮಾಂಸದೊಳಗೆ ಹೂತು ಕೂತಿರುತ್ತಿತ್ತು. ಅವನದು ದಂಡ ಹೊಡೆಯುವಾಗ ಮೊಣಕೈಗೆ ಇಳಿಯುತ್ತಿತ್ತು. ಆದ್ದರಿಂದ ಚರ್ಮಕ್ಕೆ ಕಚ್ಚುವ ಹಾಗೆ ಬಿಗಿದು ಕಟ್ಟುತ್ತಿದ್ದ. ಆದರೆ ಇವತ್ತು ಬೆಳಗ್ಗೆ ಕಟ್ಟುವಾಗ, ಎಂದಿನ ಜಾಗಕ್ಕೆ ಗಂಟು ಬಂದಾಗ, ರಟ್ಟೆ ಬಿಗಿಯೆನಿಸಿತು. ಮೈ ಹತ್ತುತ್ತಿದೆ ಎಂದುಕೊಂಡ. ಆ ಖುಷಿಗೆ ಎದೆ ಢವಗುಟ್ಟಿತು. ಬೆಳೆಯುವ ರಟ್ಟೆಗೆ ಜಾಗ ಬಿಡಬೇಕಲ್ಲ ಎಂದು ಗಂಟನ್ನು ಒಂದು ಎಳೆ ಸಡಿಲಿಸಿದ. ಇಷ್ಟೇ ನಡೆದದ್ದು. ತನ್ನ ರಟ್ಟೆ ದಪ್ಪವಾಯಿತೆಂದು ತಾನೇ ನಂಬಿ, ಲಿಂಗವನ್ನು ಬೀಳಿಸಿಕೊಂಡವನು ಈ ಹೊಸಪೇಟೆಯಲ್ಲಿ, ಈ ಬಳ್ಳಾರಿ ಜಿಲ್ಲೆಯಲ್ಲಿ, ಇಡೀ ಮದ್ರಾಸ್ ಸರ್ಕಾರದ ಸೀಮೆಯಲ್ಲಿ ತಾನೊಬ್ಬನೇ ಇರಬೇಕು.

ಅವನು ಮತ್ತೆ ನೀರಿಗಿಳಿದ. ಶ್ರಾವಣದ ಕಾಲುವೆ ತುಂಬಿ ಹರಿಯುತ್ತಿತ್ತು. ಮೆಟ್ಟಿಲ ಬುಡದಲ್ಲಿ ಕಾಲಿನಿಂದ ತಡವಿದ. ಪಾಚಿ, ಒಡೆದ ಗಡಿಗೆಯ ಚೂರು, ಮತ್ತೆ ಪಾಚಿ. ಅವನ ಮೈಯಿಂದ ಗರಡಿಯ ಕೆಮ್ಮಣ್ಣು ಇನ್ನೂ ಬಿಡುತ್ತಿತ್ತು. ಸೊಂಡೂರಿನ ಕಡೆಯಿಂದ ಗಾಡಿಯ ಮೇಲೆ ತರಿಸಿ, ಮಜ್ಜಿಗೆ ಎಣ್ಣೆ ಹಾಕಿ ಹದ ಮಾಡಿದ ಮಣ್ಣು. ಒಮ್ಮೆ ಹತ್ತಿದರೆ ಎರಡು ಸಲ ಉಜ್ಜದೆ ಹೋಗುವುದಿಲ್ಲ. ಅಷ್ಟರಲ್ಲಿ ಮೈಲಾರಲಿಂಗಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಬಂದ. ಗರಡಿಯಲ್ಲಿ ಎಲ್ಲರಿಗಿಂತ ಗಟ್ಟಿ ಆಳು, ಹಗಲು ಇವರದೇ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು.

'ಏನು ಹುಡುಕಾಕತ್ತೀರಿ ಧಣ್ಯಾರ?'

'ಉಂಗುರ,' ಎಂದುಬಿಟ್ಟ ತೋಟಪ್ಪ.

'ಸರೀರಿ ಹಂಗಾರ, ನಾನು ಮುಳುಗಿ ನೋಡ್ತೀನಿ. ನಿಮಗ ಸೆಳವು ತಡಿಯಂಗಿಲ್ಲ.'

ಮೈಲಾರಲಿಂಗಪ್ಪ ಇಲ್ಲದ ಉಂಗುರಕ್ಕಾಗಿ ಮುಳುಗಿದ, ಎದ್ದ, ಉಸಿರು ತುಂಬಿಕೊಂಡು ಮತ್ತೆ ಮುಳುಗಿದ. ಅವನ ಬೆನ್ನು ನೀರಿನಿಂದ ಮೇಲೆ ಬಂದಾಗಲೆಲ್ಲ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು. ದಂಡೆಯ ಮೇಲೆ ನಿಂತ ತೋಟಪ್ಪ ಹೆದರಿಕೆಯ ನಡುವೆಯೂ ಆ ಬೆನ್ನು ಕಂಡು ಅಸೂಯೆಪಟ್ಟ. 'ಸಾಕು ಬಿಡು, ಹೋದರ ಹೋತು,' ಎಂದ. 'ಬಂಗಾರದ್ದಲ್ಲೇನ್ರಿ?' ಎಂದು ಮೈಲಾರಲಿಂಗಪ್ಪ ನೀರಿನೊಳಗಿಂದ ಕೇಳಿದ. ಧಣಿಗಳಿಗೆ ಬಂಗಾರ ಹೋದರೂ ಹೋಯಿತು ಅನ್ನಲು ಬರುತ್ತದಲ್ಲ ಎಂಬ ಸೋಜಿಗ ಅವನ ಮುಖದಲ್ಲಿತ್ತು.

ಕಾಲುವೆಯಲ್ಲಿ ಬಿದ್ದಿರದಿದ್ದರೆ ಗರಡಿಯಲ್ಲಿ ಬಿದ್ದಿರಬೇಕು. ನೆಟ್ಟಗೆ ಹಿಂದಿರುಗಿ, ಅಖಾಡದ ಮಣ್ಣು ಕೆದಕಿ ನೋಡಬೇಕು, ಬೇರೆ ದಾರಿಯಿಲ್ಲ. ಇದು ಒದ್ದೆ ಲಂಗೋಟಿ ಹಿಂಡುವಾಗಲೇ ಅವನಿಗೆ ಹೊಳೆದಿತ್ತು. ಆದರೂ ಕಾಲುಗಳು ಮನೆಯ ದಾರಿ ಹಿಡಿದವು. ಗರಡಿಗೆ ಹೋದರೆ ವಸ್ತಾದರು ಕೇಳುತ್ತಾರೆ, ಹೇಗೆ ಬಿತ್ತು ಎಂದು. ಸುತ್ತ ಹುಡುಗರು ನಿಂತಿರುತ್ತಾರೆ. ರಟ್ಟೆಯಿಂದ ಜಾರಿತು ಎನ್ನಬೇಕು. ಆಗ ಎಲ್ಲರ ಕಣ್ಣೂ ಆ ರಟ್ಟೆಗೇ ಬೀಳುತ್ತದೆ. ಯಾರೂ ನಗುವುದಿಲ್ಲ, ಲಿಂಗದ ವಿಷಯಕ್ಕೆ ನಗುವಷ್ಟು ಕೆಟ್ಟವರಲ್ಲ. ನಗದೆ ನೋಡುವ ಆ ನೋಟವೇ ಅವನಿಗೆ ಬೇಡವಾಗಿತ್ತು. ಗಿರಣಿಯಲ್ಲಿ ಹಮಾಲರು ತಕ್ಕಡಿಗೆ ಕಲ್ಲು ಸಾಲದಾದಾಗ, 'ಚಿಕ್ಕ ಧಣ್ಯಾರನ್ನ ಕುಂದ್ರಸ್ರಿ, ಅರ್ಧ ಚೀಲಕ್ಕ ಸರಿ ಹೊಕ್ಕಾರ' ಎಂದು ನಕ್ಕದ್ದು ಅವನ ಕಿವಿಗೆ ಬಿದ್ದಿತ್ತು. ಅದನ್ನು ಹೇಗೋ ನುಂಗಿದ್ದ. ಮದುವೆಯಾದ ಹೊಸತರಲ್ಲಿ ಬಚ್ಚಲಿಗೆ ನೀರಿನ ಹಂಡೆ ಎತ್ತಿಕೊಡಲು ಹೋಗಿ ಅರ್ಧಕ್ಕೆ ಕೈ ಸೋತು ಇಳಿಸಿದಾಗ, ಹೆಂಡತಿ ನೀಲಗಂಗಮ್ಮ ಏನೂ ಅನ್ನದೆ ಸೆರಗು ಸಿಗಿಸಿಕೊಂಡು ಒಂದೇ ಹಿಡಿತಕ್ಕೆ ಎತ್ತಿ ಒಯ್ದಿದ್ದಳು. ಅವಳು ಏನೂ ಅನ್ನದೆ ಇದ್ದದ್ದನ್ನು ಮಾತ್ರ ಇನ್ನೂ ನುಂಗಲಾಗಿರಲಿಲ್ಲ. ಗಿರಣಿಯ ಗುಮಾಸ್ತರ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಮದ್ರಾಸಿನಿಂದ ಪುಷ್ಟಿಯ ಲೇಹ್ಯ ತರಿಸಿದ್ದು, ಅದನ್ನು ಬೀರುವಿನ ಹಿಂದೆ ಬಚ್ಚಿಟ್ಟು ಕದ್ದು ತಿಂದದ್ದು, ಹೊಟ್ಟೆ ಕೆಟ್ಟದ್ದು, ಕೊನೆಗೆ ಕಾಲುವೆಯ ಸ್ನಾನಕ್ಕೆಂದು ಮನೆಯಲ್ಲಿ ಹೇಳಿ ನಸುಕಿನಲ್ಲಿ ಗರಡಿಯ ಬಾಗಿಲಿಗೆ ಬಂದು ನಿಂತದ್ದು, ಎಲ್ಲವೂ ಆ ಹಂಡೆಯಿಂದ ಹುಟ್ಟಿದ್ದು. ವಸ್ತಾದರು ಅವನನ್ನು ಮೇಲಿಂದ ಕೆಳಗೆ ನೋಡಿ, ಎಲುಬುಗಳನ್ನು ಒಂದೊಂದಾಗಿ ಓದಿ, 'ಗುದ್ದಲಿ ತಗೊಂಡು ಮಣ್ಣು ಅಗಿ, ಮೊದಲು ಅದ ಸಾಮು' ಎಂದಿದ್ದರು. ಒಳಗೆ ಬಿಟ್ಟುಕೊಂಡರಲ್ಲ, ಅದೇ ದೊಡ್ಡದು ಎನಿಸಿತ್ತು. ಅವರ ಮುಂದೆ ಈಗ ಇದನ್ನು ಹೇಳುವುದು ಹೇಗೆ?

ಮಧ್ಯಾಹ್ನ ಹುಡುಗರೆಲ್ಲ ಹೋದ ಮೇಲೆ ಹೋದರಾಯಿತು ಎಂದುಕೊಂಡ. ಅಲ್ಲಿಯವರೆಗೆ ಹೊಟ್ಟೆನೋವೆಂದು ಹೇಳಿ ಮಲಗಿದರಾಯಿತು. ಊಟ ಬಿಟ್ಟರೆ ತಪ್ಪಿಲ್ಲ. ಈ ಏರ್ಪಾಡು ಮನಸ್ಸಿನಲ್ಲಿ ಕೂಡಿಬಂದೊಡನೆ ಅವನಿಗೆ ಅರ್ಧ ಸಮಾಧಾನವಾಯಿತು. ಖಾಲಿ ಕರಡಿಗೆಯನ್ನು ಕಿಸೆಯಿಂದ ತೆಗೆದು ಎದೆಗೆ ಇಳಿಬಿಟ್ಟು, ಅಂಗಿ ಮುಚ್ಚಿಕೊಂಡು ಚಿತ್ತವಾಡ್ಗಿಯ ಓಣಿಯಲ್ಲಿ ನಡೆದ. ಖಾಲಿಯಾದ ಬೆಳ್ಳಿ ಹಗುರವಾಗಿ ಅತ್ತಿತ್ತ ಓಲಾಡುತ್ತಿತ್ತು. ಎದುರು ಬಂದವರಿಗೆಲ್ಲ ಅದು ಕಾಣುತ್ತಿದೆ ಎನಿಸಿ ಕೈಯಿಂದ ಒತ್ತಿ ಹಿಡಿದುಕೊಂಡ.

ಆದರೆ ಮನೆಯ ಪಡಸಾಲೆಯಲ್ಲಿ ಜಂಗಮರಾದ ಹಾಲಸ್ವಾಮಿ ಅಯ್ಯನವರು ಆಗಲೇ ಕೂತಿದ್ದರು. ಶ್ರಾವಣ ಸೋಮವಾರ, ಅಯ್ಯನವರನ್ನು ಪ್ರಸಾದಕ್ಕೆ ಕರೆದಿದ್ದಾರೆಂಬುದನ್ನು ಅವನು ಮರೆತೇಬಿಟ್ಟಿದ್ದ. ಅಪ್ಪ ನೆಲ್ಲು ನೋಡಲು ಕಂಪ್ಲಿಗೆ ಹೋಗಿದ್ದರಿಂದ ಅವರ ಪಾದಪೂಜೆಗೆ, ಅವರ ಪಕ್ಕ ಊಟಕ್ಕೆ ಕೂರಬೇಕಾದ ಗಂಡಸು ಅವನೊಬ್ಬನೇ.

'ಎಲ್ಲಿಗೆ ಹೋಗಿದ್ಯೋ ತೋಟ, ಅಯ್ಯಾರು ಬಂದು ಎಷ್ಟೊತ್ತಾತು,' ಎಂದಳು ತಾಯಿ ಅಕ್ಕನಾಗಮ್ಮ. 'ಜಲ್ದಿ ಮಡಿ ಉಟಗೊಂಡು ಬಾ.'

'ಹೊಟ್ಟಿ ಯಾಕೋ...' ಎಂದು ಅವನು ಆರಂಭಿಸಿದ.

'ಹಸದೈತಿ ಅದು. ನಡಿ ನಡಿ.'

ಅಯ್ಯನವರು ಪೊರೆಗಟ್ಟಿದ ಕಣ್ಣುಗಳನ್ನು ಕಿರಿದು ಮಾಡಿ ಅವನತ್ತ ನೋಡಿದರು. 'ಹುಡುಗಗ ಇನ್ನೂ ಮೈ ಹತ್ತಿಲ್ಲಲ್ಲ ತಾಯಿ.'

'ಹಾಲು ಅಂದ್ರ ಹಾಲು, ತುಪ್ಪ ಅಂದ್ರ ತುಪ್ಪ, ಏನು ಹಾಕಿದ್ರೂ ಎಲ್ಲಿ ಹೊಕ್ಕೈತೋ ಗೊತ್ತಿಲ್ರಿ ಅಯ್ಯಾರ. ಗಾಳಿ ಬಿಟ್ರ ಹಾರಿ ಹೊಕ್ಕಾನ ಅಂತ ನನಗ ಅಂಜಿಕಿ.'

ಕಣ್ಣು ಸರಿಯಾಗಿ ಕಾಣದ ಮುದುಕರಿಗೂ ಇದು ಕಂಡಿತಲ್ಲ ಎಂದುಕೊಳ್ಳುತ್ತಲೇ ತೋಟಪ್ಪ ಅವರ ಕಾಲು ತೊಳೆದ, ಪಾದೋದಕ ಹಿಡಿದ. ಆಮೇಲೆ ಅವರ ಪಕ್ಕದ ಮಣೆಯ ಮೇಲೆ ಕೂತ. ಅಯ್ಯನವರು ತಮ್ಮ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಅವನೂ ಹೆಗಲು ಮುಂದಕ್ಕೆ ಬಾಗಿಸಿ, ಗೋಡೆಯತ್ತ ಸ್ವಲ್ಪ ತಿರುಗಿ, ಕರಡಿಗೆಯ ಮುಚ್ಚಳ ತೆಗೆದ, ಇಲ್ಲದ್ದನ್ನು ಎರಡು ಬೆರಳಲ್ಲಿ ಎತ್ತಿ ಅಂಗೈಯಲ್ಲಿಟ್ಟ. ಇಟ್ಟೊಡನೆ ಅದರ ಮೇಲೆ ಬಿಲ್ವಪತ್ರೆ ಹೇರಿದ, ಹೂವು ಹೇರಿದ, ಅಂಗೈ ಕಾಣದ ಹಾಗೆ. ಹೇರುವಾಗ ಕೈ ನಡುಗಲಿಲ್ಲ. ನಡುಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಆಮೇಲೆ ಅನಿಸಿತು. ಇಷ್ಟು ನಾಜೂಕಾಗಿ ಈ ಕೆಲಸ ಮಾಡಬಲ್ಲ ಕೈ ತನ್ನದು ಎಂಬುದು ಅವನಿಗೆ ಗೊತ್ತಿರಲಿಲ್ಲ. ದಿನವೂ ಲಿಂಗವಿದ್ದಾಗ ಅವನ ಮನಸ್ಸು ಗಿರಣಿಯ ಪಟ್ಟಿ, ಹಮಾಲರ ನಗೆ, ರಟ್ಟೆ ಎಂದು ಓಡುತ್ತಿತ್ತು; ಇವತ್ತು, ಅಂಗೈಯಲ್ಲಿ ಏನೂ ಇಲ್ಲದಾಗ, ಕಣ್ಣು ಅದರ ಮೇಲಿಂದ ಕದಲಲಿಲ್ಲ. ಹೊರಗಿನಿಂದ ನೋಡಿದವರಿಗೆ ಭಕ್ತಿಯ ಹಾಗೆಯೇ ಕಂಡಿರಬೇಕು. 'ಹುಡುಗಗ ನಿಷ್ಠಿ ಐತಿ,' ಎಂದರು ಅಯ್ಯನವರು, ಕಂಡು ಹೇಳಿದರೋ ಕಾಣದೆ ಹೇಳಿದರೋ. ಬಾಗಿಲ ಹತ್ತಿರ ನಿಂತಿದ್ದ ತಾಯಿಯ ಮುಖ ಅರಳಿತು. ಈಗ ಎದ್ದು ಹೇಳಿದರೆ ಆ ಮುಖ ಏನಾಗುತ್ತದೆ ಎಂದು ಯೋಚಿಸಿ ಅವನು ಕಣ್ಣು ಮುಚ್ಚಿಕೊಂಡ.

ಅಡ್ಡಣಿಗೆಯ ಮೇಲೆ ತಾಟು ಬಂತು. ಬದನೆಕಾಯಿ ಎಣ್ಣೆಗಾಯಿ, ಕಟ್ಟಿನ ಸಾರು, ಬಿಸಿ ಹೋಳಿಗೆ, ಅದರ ಮೇಲೆ ಹರಿಯುವ ತುಪ್ಪ. ಎರಡು ತುತ್ತು ತಿಂದ ಹಾಗೆ ಮಾಡಿ ಎದ್ದುಬಿಡುತ್ತೇನೆ ಎಂದು ತೀರ್ಮಾನಿಸಿಕೊಂಡ. ಆದರೆ ಮೊದಲ ತುತ್ತು ನಾಲಿಗೆಗೆ ತಾಗಿದ್ದೇ ತಡ, ಬೆಳಗಿನಿಂದ ಅಗಿದ ಮಣ್ಣು, ಹೊಡೆದ ದಂಡ, ತೆಗೆದ ಬಸ್ಕಿ ಎಲ್ಲ ಒಟ್ಟಾಗಿ ಹೊಟ್ಟೆಯೊಳಗಿಂದ ಕೈಚಾಚಿದವು. ಹುಟ್ಟಿದಾಗಿನಿಂದ ಅವನಿಗೆ ಇಂಥ ಹಸಿವಾಗಿರಲಿಲ್ಲ. ತಾಯಿ ಬಾಯಿಗೆ ತುರುಕಿದ್ದು, ಅಜ್ಜಿ ಕತೆ ಹೇಳಿ ಉಣ್ಣಿಸಿದ್ದು, ಅತ್ತೆಯ ಮನೆಯಲ್ಲಿ ಮರ್ಯಾದೆಗೆಂದು ನುಂಗಿದ್ದು, ಅದೆಲ್ಲ ಊಟವೇ ಅಲ್ಲ. ಇದು ಊಟ. ಗರಡಿಯಲ್ಲಿ ಹುಡುಗರು ರೊಟ್ಟಿಯ ಮಾತಾಡುವಾಗ ಅವರ ಕಣ್ಣು ಮಿನುಗುವುದೇಕೆಂದು ಅವನಿಗೆ ಈಗ ತಿಳಿಯಿತು. ತಿಳಿಯುವ ದಿನವೇ ಇಂಥದ್ದಾಗಬೇಕಿತ್ತೇ? ತಾಯಿ ಇನ್ನೊಂದು ಹೋಳಿಗೆ ತಂದಾಗ ಅವನು ಕೈ ಅಡ್ಡ ಹಿಡಿಯಲಿಲ್ಲ. ಅದನ್ನೂ ತಿಂದ. ಅಯ್ಯನವರ ಭಯಕ್ಕೆ ಉಂಡೆ, ತಾಯಿಯ ಮುಖಕ್ಕಾಗಿ ಉಂಡೆ ಎಂದೆಲ್ಲ ಮುಂದೆ ಹೇಳಿಕೊಳ್ಳಬಹುದು. ಎರಡನೆಯ ಹೋಳಿಗೆಯನ್ನು ಮಾತ್ರ ಅವನು ರುಚಿಗೇ ತಿಂದ.

ಅಯ್ಯನವರು ಹೊರಟ ಮೇಲೆ ಅವನು ಅಂಗಿ ತೊಡಲು ಒಳಕೋಣೆಗೆ ಹೋದ. ನೀಲಗಂಗಮ್ಮ ವೀಳ್ಯ ಹಿಡಿದುಕೊಂಡು ಬಂದಳು.

'ಇವತ್ತು ಭಾಳ ಉಂಡ್ರಿ,' ಎಂದಳು. ಧ್ವನಿಯಲ್ಲಿ ಸಂತೋಷವಿತ್ತು. ಆಮೇಲೆ ಧ್ವನಿ ತಗ್ಗಿಸಿ, 'ಸಾಮು ಮೈಗೆ ಹತ್ತಾಕತ್ತೈತಿ,' ಎಂದಳು.

ಅವನು ತಿರುಗಿ ನೋಡಿದ. 'ಯಾರು ಹೇಳಿದ್ರು?'

'ಯಾರು ಹೇಳಬೇಕು. ಪಂಚಿ ಒಗಿಯಾಕಿ ನಾನಲ್ಲೇನು. ಕಾಲುವ್ಯಾಗ ಕೆಂಪು ಮಣ್ಣು ಎಲ್ಲಿಂದ ಬರತೈತಿ?' ನಗುತ್ತಾ ಕೈಚಾಚಿ ಅವನ ಎಡರಟ್ಟೆ ಹಿಡಿದಳು, ಸಂತೆಯಲ್ಲಿ ಸೋರೆಕಾಯಿ ಒತ್ತಿ ನೋಡುವಂತೆ ಮೆಲ್ಲಗೆ ಒತ್ತಿದಳು. 'ಗಟ್ಟಿ ಆಗೈತಿ, ಖರೇನ.'

ಇಷ್ಟು ದಿನ ಗುಟ್ಟೆಂದು ಕಾಪಾಡಿಕೊಂಡದ್ದು ಇವಳ ಒಗೆಯುವ ಕಲ್ಲಿನ ಮೇಲೆ ದಿನಾ ಬಯಲಾಗುತ್ತಿತ್ತು. ತನ್ನ ಮೇಲೆ ಇವಳಿಗೆ ಕರುಣೆಯಿತ್ತೇ, ತಮಾಷೆಯಿತ್ತೇ? ಇವಳ ಬಾಯಿಂದ ಈ ಮಾತು ಕೇಳಬೇಕೆಂದೇ ಅವನು ಮಣ್ಣು ಅಗಿದದ್ದು. ಈಗ ಅದು ಬಂದಾಗ ಕಿವಿ ಸುಟ್ಟಿತು. ರಟ್ಟೆ ಕಿತ್ತುಕೊಂಡು, 'ಬಿಡು, ಗಿರಣ್ಯಾಗ ಕೆಲಸ ಐತಿ,' ಎಂದ. ಅವಳ ಮುಖ ಸಣ್ಣದಾಯಿತು. ವೀಳ್ಯವನ್ನು ಕಿಟಕಿಯಲ್ಲಿಟ್ಟು ಹೋದಳು. ಅವಳನ್ನು ಕರೆದು ಎಲ್ಲ ಹೇಳಿಬಿಡಬೇಕೆನಿಸಿತು, ಹೇಳಿದರೆ ಹಂಡೆಯ ದಿನದ ಹಾಗೆ ಏನೂ ಅನ್ನದೆ ನಿಂತಾಳು ಎನಿಸಿತು. ಅವನು ಹಿತ್ತಲ ಬಾಗಿಲಿನಿಂದ ಹೊರಬಿದ್ದ.

ಗರಡಿಯ ಗಿಡ್ಡ ಬಾಗಿಲು ಅರ್ಧ ಮುಚ್ಚಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಬಾರದಾಗಿತ್ತು. ಆದರೆ ಗಿರಣಿಗೂ ಹೋಗದೆ ಹೊಸ್ತಿಲ ಮೇಲೆ ಮೈಲಾರಲಿಂಗಪ್ಪ ಕೂತಿದ್ದ, ಒಳಗೆ ಗೋಡೆಗೊರಗಿ ಇನ್ನೂ ಕೆಲವು ಹುಡುಗರು. ಅವನನ್ನು ಕಂಡದ್ದೇ ಮೈಲಾರಲಿಂಗಪ್ಪ ಎದ್ದು, 'ವಸ್ತಾದ್ರ, ಬಂದ್ರು,' ಎಂದು ಒಳಕ್ಕೆ ಹೇಳಿ ದಾರಿ ಬಿಟ್ಟ. ಹಿಂದೆಂದೂ ಅವನು ತೋಟಪ್ಪನಿಗೆ ಹಾಗೆ ದಾರಿ ಬಿಟ್ಟಿರಲಿಲ್ಲ. ಗಿರಣಿಯಲ್ಲಿ ಬಿಡುತ್ತಿದ್ದ, ಅದು ಬೇರೆ.

ಅಖಾಡದ ಅಂಚಿನಲ್ಲಿ ಜಂಬಯ್ಯ ವಸ್ತಾದರು ಕಾಲು ಚಾಚಿ ಕೂತಿದ್ದರು. ಅಷ್ಟು ದೊಡ್ಡ ದೇಹ ಯಾಕೋ ಸೊರಗಿದ ಹಾಗಿತ್ತು, ಮೀಸೆ ಇಳಿಬಿದ್ದಿತ್ತು. ಅವರ ಮುಂದೆ, ಕೆಮ್ಮಣ್ಣಿನ ನಟ್ಟನಡುವೆ, ಒಂದು ಬಿದಿರ ಬುಟ್ಟಿ ಬೋರಲಾಗಿತ್ತು.

'ಬಾರಪ್ಪ ತೋಟಪ್ಪ,' ಎಂದರು. 'ಅದರ ಕೆಳಗ ಐತಿ. ಮಣ್ಣು ಎಳಿಯಾಕ ಸನಿಕಿ ಹಾಕಿದೆ, ಬಟ್ಟಿ ಕಾಣಿಸ್ತು. ನಮ್ಮ ಕೈ ತಾಗಬಾರದು ಅಂತ ಬುಟ್ಟಿ ಮುಚ್ಚೀನಿ. ಆವಾಗಿಂದ ಒಬ್ಬರಿಗೂ ಅಖಾಡಕ್ಕ ಕಾಲು ಇಡಾಕ ಬಿಟ್ಟಿಲ್ಲ.'

ತೋಟಪ್ಪ ಅಖಾಡಕ್ಕಿಳಿದ. ಬಾಗಿ ಬುಟ್ಟಿ ಎತ್ತಿದ. ಬಟ್ಟೆ ಅಲ್ಲೇ ಇತ್ತು, ಗಂಟಿನ ಸಮೇತ, ರಟ್ಟೆಯ ಗಾತ್ರದ ಬಳೆಯಂತೆ ದುಂಡಗೆ. ಬಿಚ್ಚಿದ. ಲಿಂಗ ಅಂಗೈಗೆ ಬಂತು, ತಣ್ಣಗೆ. ಕಣ್ಣಿಗೆ ನೀರು ಬಂತು. ಅದು ಯಾವುದಕ್ಕೆ ಬಂತೆಂದು ಅವನಿಗೇ ತಿಳಿಯಲಿಲ್ಲ.

'ಮೈಲಾರಿ ಬಂದು ಉಂಗುರ ಕಳಕೊಂಡಾರ ಅಂದ,' ವಸ್ತಾದರು ಹೇಳುತ್ತಿದ್ದರು. 'ನಾನಂದೆ, ಉಂಗುರ ಅಲ್ಲಲೇ ಅದು, ಲಿಂಗದ ಮಾತು ಬಾಯಿಂದ ಆಡಾಕ ಆಗಿಲ್ಲ ಪಾಪ ಅವಗ, ಅಷ್ಟು ಎದಿ ಒಡದೈತಿ. ನಿಮ್ಮ ಮನಿಗೆ ಆಳು ಕಳಸಬೇಕು ಅಂದ್ರ ನೀನು ಇಲ್ಲಿಗೆ ಬರೂದು ಅಲ್ಲಿ ಗೊತ್ತಿಲ್ಲ. ಮುಂಜಾನಿಂದ ಅದ ಚಿಂತಿ, ನಮ್ಮ ಹುಡುಗ ಎಲ್ಲಿ ಹಸಕೊಂಡು ತಿರಗಾಕತ್ತಾನೋ ಅಂತ. ನಿಮ್ಮವರು ಲಿಂಗ ಇಲ್ದ ಹನಿ ನೀರು ಮುಟ್ಟಂಗಿಲ್ಲ, ನನಗ ಗೊತ್ತಿಲ್ಲೇನು? ಗರಡ್ಯಾಗಿನ ಹುಡುಗ ಒಬ್ಬ ಹಸದಿದ್ದಾಗ ವಸ್ತಾದ ಉಣ್ಣಬಾರದು. ನಾನೂ ಉಂಡಿಲ್ಲ.'

ಹೊತ್ತಿಗೆ ಸರಿಯಾಗಿ ರೊಟ್ಟಿ ಬೀಳದಿದ್ದರೆ ಕೈ ನಡುಗುವ ಮನುಷ್ಯ. ಅದು ಗರಡಿಗೆಲ್ಲ ಗೊತ್ತಿದ್ದ ಮಾತು. ಈಗ ಆ ಕೈ ಮೊಣಕಾಲ ಮೇಲೆ ಮೆಲ್ಲಗೆ ನಡುಗುತ್ತಿತ್ತು. ವಸ್ತಾದರು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹುಡುಗರ ಕಡೆ ತಿರುಗಿದರು.

'ನೋಡ್ರಲೇ. ಕಲ್ಲು ಎತ್ತತೀವಿ ಅಂತ ಎದಿ ಸೆಟಸತೀರಿ. ರೊಟ್ಟಿ ಒಂದು ಗಳಿಗಿ ತಡ ಆದ್ರ ಹೆಂಡರ ಮ್ಯಾಲ ಹಾರತೀರಿ. ಇಂವ ನೋಡಿದ್ರ ಕಡ್ಡಿ ಹಂಗ ಅದಾನ. ಹನಿ ನೀರಿಲ್ದ ನಿಂತಾನ ನೋಡು ಹೆಂಗ. ತಾಕತ್ತು ಅಂದ್ರ ಇದು.'

ಹುಡುಗರು ಅವನನ್ನು ನೋಡಿದರು. ಬೆಳಗ್ಗೆ ಯಾವ ನೋಟಕ್ಕೆ ಹೆದರಿ ಓಡಿದ್ದನೋ ಅದು ಇದಾಗಿರಲಿಲ್ಲ. ಅವರ ಕಣ್ಣಲ್ಲಿದ್ದದ್ದನ್ನು ಅವನು ಜನ್ಮದಲ್ಲಿ ಯಾರ ಕಣ್ಣಲ್ಲೂ ತನಗಾಗಿ ಕಂಡಿರಲಿಲ್ಲ. ಎದೆಯೊಳಗೆ ಬೆಚ್ಚಗೆ ಏನೋ ಹರಡಿತು. ನಾಚಿಕೆಗೆಟ್ಟ ಎದೆ. ಒಂದು ಕ್ಷಣ, ಒಂದೇ ಕ್ಷಣ, ತಾನು ನಿಜಕ್ಕೂ ಹಸಿದಿದ್ದೇನೆಂದೇ ಅವನಿಗೆ ಅನಿಸಿತು; ಬೆಳಗಿನಿಂದ ಬಾಯಾರಿ ಬಿಸಿಲಲ್ಲಿ ತಿರುಗಿದ ಬೇರೊಬ್ಬ ತೋಟಪ್ಪ ಇಲ್ಲಿ ನಿಂತಿದ್ದ ಹಾಗೆ. ಆಗ ಹೊಟ್ಟೆಯಿಂದ ತುಪ್ಪದ ತೇಗು ಗಂಟಲಿಗೆ ಏರಿತು. ಬಾಯಿ ಬಿಗಿಹಿಡಿದು ಅದನ್ನು ನುಂಗಿದ.

ಬಾವಿಯ ನೀರಲ್ಲಿ ಲಿಂಗ ತೊಳೆದ. ಕಂಬದ ಮರೆಯಲ್ಲಿ ಕೂತು ಪೂಜೆ ಮಾಡಿದ. ವಿಭೂತಿ ಹಚ್ಚುವಾಗ, ಮನೆಯಲ್ಲಿ ನಡುಗದ ಕೈ ಈಗ ನಡುಗಿತು. ಕರಡಿಗೆಯ ಮುಚ್ಚಳ ಹಾಕಿ ತಿರುಗಿದಾಗ, ಅವನ ಮುಂದೆ ಬಾಳೆ ಎಲೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು, ಹೊಳೆಯುವ ಹಿತ್ತಾಳೆ ತಂಬಿಗೆಯಲ್ಲಿ ಹಾಲು. ವಸ್ತಾದರ ಮುಂದೆ ರೊಟ್ಟಿಯ ತಾಟು, ಇನ್ನೂ ಮುಟ್ಟದೆ.

'ತಿನ್ನು,' ಎಂದರು. 'ನೀನು ಬಾಯಾಗ ಇಟ್ಟಮ್ಯಾಲ ನಾನು.'

ತೋಟಪ್ಪ ನಿಂತೇ ಇದ್ದ. 'ವಸ್ತಾದ್ರ,' ಎಂದ. 'ನಾನು ಉಂಡು ಬಂದೀನ್ರಿ.'

ವಸ್ತಾದರ ಮುಖದ ಮೇಲೆ ಏನೋ ಮುಚ್ಚಿಕೊಂಡ ಹಾಗಾಯಿತು. ತಂಬಿಗೆಯ ಕಡೆ ನೋಡಿದರು. 'ಹಾಲು ಶಾಂತಕ್ಕನ ಮನಿದು,' ಎಂದರು ಮೆಲ್ಲಗೆ. 'ನಿಮ್ಮವರ ಅವರು. ತಂಬಗಿನೂ ಅವರದ. ಆಕಿನ ತಂದು ಇಟ್ಟು ಹೋಗ್ಯಾಳ, ನಾನು ಮುಟ್ಟಿಲ್ಲ, ನನ್ನ ಮನಿಯಾಕಿನೂ ಮುಟ್ಟಿಲ್ಲ. ಹಣ್ಣಿಗೆ ಹೆಂಗೂ ಸಿಪ್ಪಿ ಇರತೈತಿ.'

'ಹಂಗಲ್ರಿ. ಖರೇನ ಉಂಡೀನಿ. ಮನ್ಯಾಗ. ಹೋಳಿಗಿ ಉಂಡೆ.'

'ಲಿಂಗ ಇಲ್ದ?'

'ಹೂಂನ್ರಿ. ಲಿಂಗ ಇಲ್ದ.'

ಹೇಳಿಬಿಟ್ಟಿದ್ದ. ತಾಯಿಗೆ, ಅಯ್ಯನವರಿಗೆ, ಹೆಂಡತಿಗೆ ಹೇಳಲಾಗದ್ದನ್ನು ಇಷ್ಟು ಜನರ ಮುಂದೆ ಹೇಳಿಬಿಟ್ಟಿದ್ದ. ಈಗ ಬೈಯಲಿ, ಉಗಿಯಲಿ, ಗರಡಿಯಿಂದ ಹೊರಗೆ ಅಟ್ಟಲಿ ಎಂದು ಕಾದ. ವಸ್ತಾದರು ಅವನನ್ನು ನೋಡಿದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

'ನಮ್ಮಲ್ಲಿ ತಿನ್ನಾಕ ಮನಸ್ಸಿಲ್ಲಂದ್ರ ಇಲ್ಲ ಅನ್ನಪ್ಪ. ಅದು ತಪ್ಪಲ್ಲ, ನಡದ ಬಂದದ್ದು. ನಾವು ಬ್ಯಾಡರ ಜಾತಿ, ನೀವು ಲಿಂಗವಂತರು. ಅದಕ್ಕ ಇಷ್ಟು ದೊಡ್ಡ ಸುಳ್ಳು ಯಾಕ? ಲಿಂಗ ಇಲ್ದ ಉಂಡೆ ಅಂತ ಬಾಯಿಲೆ ಬರಬಾರದು, ಕೈಯಾಗ ಲಿಂಗ ಹಿಡಕೊಂಡು. ನನ್ನ ಮನಸ್ಸು ಮುರಿಬಾರದು ಅಂತ ನಿನ್ನ ನೇಮಾನ ಮುರಕೋತೀ ಏನು?' ಎಂದು ತಾಟನ್ನು ದೂರ ಸರಿಸಿದರು. 'ಹೋಗ್ಲಿ ಬಿಡು. ಮನಿಗೆ ಹೋಗಿ ಉಣ್ಣು. ನೀನು ಉಂಡಿ ಅಂತ ಸುದ್ದಿ ಬಂದಮ್ಯಾಲ ನಾನು ಉಣ್ಣತೀನಿ.' ಏಳಲು ನೆಲಕ್ಕೆ ಕೈಯೂರಿದರು. ಕೈ ನಡುಗಿ, ಅರ್ಧ ಎದ್ದವರು ಮತ್ತೆ ಕೂತರು.

ಮೈಲಾರಲಿಂಗಪ್ಪ ಓಡಿಬಂದು ಅವರ ತೋಳು ಹಿಡಿದ. ತೋಟಪ್ಪನತ್ತ ನೋಡಿದ ಅವನ ಕಣ್ಣಲ್ಲಿ ಆಗಿನ ಗೌರವ ಆರುತ್ತಿತ್ತು. ಅದರ ಜಾಗಕ್ಕೆ ಬರುತ್ತಿದ್ದದ್ದು ಹಮಾಲನೊಬ್ಬ ಧಣಿಯನ್ನು ನೋಡುವ ಹಳೆಯ ನೋಟ. ಇನ್ನೊಮ್ಮೆ ಹೇಳಬೇಕು, ಆಣೆಯಿಟ್ಟು ಹೇಳಬೇಕು ಎಂದುಕೊಂಡ ತೋಟಪ್ಪ. ಆದರೆ ಯಾವುದರ ಮೇಲೆ ಆಣೆಯಿಡುವುದು? ಹೇಳಿದಷ್ಟೂ ಈ ಮುದುಕರ ಹಾಲಿಗೆ ಉಗಿದ ಹಾಗಾಗುತ್ತದೆ. ಹೇಳಿದಷ್ಟೂ ಅವರು ಹಸಿದಿರುತ್ತಾರೆ. ಅವನ ನಿಜವನ್ನು ಇಲ್ಲಿ ಇಟ್ಟುಕೊಳ್ಳಲು ಯಾರಿಗೂ ಜಾಗವಿರಲಿಲ್ಲ.

ಅವನು ಕೂತ. 'ತಪ್ಪಾತ್ರಿ ವಸ್ತಾದ್ರ,' ಎಂದ. ತಂಬಿಗೆ ಎತ್ತಿ ಹಾಲು ಕುಡಿದ. ಹೋಳಿಗೆಯ ಮೇಲೆ ಹಾಲು ಇಳಿಯುವುದು ಗೊತ್ತಾಗುತ್ತಿತ್ತು. ಒಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡ, ಅಗಿದ, ಹೊಟ್ಟೆ ಒಲ್ಲೆನೆಂದಿತು, ನುಂಗಿದ.

ವಸ್ತಾದರ ಮುಖ ಮೆಲ್ಲಗೆ ತಿಳಿಯಾಯಿತು. ತಾಟನ್ನು ಹತ್ತಿರಕ್ಕೆ ಎಳೆದುಕೊಂಡರು. 'ಹಂಗ ಬಾ ದಾರಿಗೆ,' ಎಂದು ರೊಟ್ಟಿ ಮುರಿದು, ದೊಡ್ಡ ತುತ್ತು ಮಾಡಿ, ಕಣ್ಣು ಮುಚ್ಚಿ ಅಗಿಯತೊಡಗಿದರು. ಅಗಿಯುತ್ತಲೇ ಹುಡುಗರಿಗೆ ಹೇಳಿದರು, 'ಹಸದ ಹೊಟ್ಟಿ, ಆದ್ರೂ ಎಷ್ಟು ಸಾವಕಾಶ ತಿಂತಾನ ನೋಡ್ರಿ. ನೀವಾಗಿದ್ರ ಸಿಪ್ಪಿ ಸಮೇತ ನುಂಗತಿದ್ರಿ.'

ಹುಡುಗರು ನಕ್ಕರು. ಮೈಲಾರಲಿಂಗಪ್ಪನೂ ನಕ್ಕ, ಚಿಪ್ಪಿನಿಂದ ಇನ್ನೊಂದು ಹಣ್ಣು ಮುರಿದು ತೋಟಪ್ಪನ ಎಲೆಯ ಮೇಲಿಟ್ಟು, 'ತಿನ್ರಿ ಧಣ್ಯಾರ, ನಾಚಬ್ಯಾಡ್ರಿ,' ಎಂದ.

ತೋಟಪ್ಪ ಅದನ್ನೂ ಸುಲಿದ.